ಮಂಗಟ್ಟೆ ಬಾರದ ಬೆಟ್ಟದಲ್ಲಿ ರಾಮಪತ್ರೆ

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ರಾಮಪತ್ರೆ ಮರಗಳು, ಅಂದರೆ ಜಾಯಿಕಾಯಿಯ ಕಾಡು ಬಂಧುಗಳು, ಚೆನ್ನಾಗಿ ಕಾಯಿ ಬಿಡುತ್ತವೆ. ಬುಡದಲ್ಲೇ ರಾಶಿ ಸಸಿ ಏಳುತ್ತವೆ, ಒಂದೂ ಉಳಿಯುವುದಿಲ್ಲ. ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಈಗ ಬರುತ್ತಿಲ್ಲ. ಇವೆರಡಕ್ಕೂ ಸಂಬಂಧವಿದೆಯೇ? ಪಿಕಳಾರ, ಗಿಳಿಗಳಿಗೇನೂ ಕೊರತೆಯಿಲ್ಲ.
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ನೇರ ಸಂಬಂಧವಿದೆ. ಬಲಿತ ಕಾಯಿ ಬಿರಿದಾಗ ಒಳಗಿರುವುದು ಪತ್ರೆ (ಮಸಾಲೆಗೆ ಬಳಸುವ ಜಾಲರಿಯಂಥ ಹೊದಿಕೆ) ಸುತ್ತಿಕೊಂಡ ಒಂದೇ ಬೀಜ, ಸುಮಾರು 3 ಸೆಂ.ಮೀ. ಉದ್ದ. ಮಂಗಟ್ಟೆ ಅದನ್ನು ಇಡಿಯಾಗಿ ನುಂಗುತ್ತದೆ. ಹೊಟ್ಟೆಯಲ್ಲಿ ಪತ್ರೆಯಷ್ಟೇ ಕರಗುತ್ತದೆ. ಬೀಜವನ್ನು ದೂರದ ಇನ್ನಾವುದೋ ಮರದಲ್ಲಿ ಕುಳಿತು ಬಾಯಿಂದಲೇ ಉಗುಳುತ್ತದೆ. ಪಿಕಳಾರದ ಬಾಯಿಗೆ ಈ ಗಾತ್ರ ಹಿಡಿಸದು. ಗಿಳಿಯಂತೂ ಬೀಜವನ್ನೇ ಒಡೆದು ತಿನ್ನುವ ಹಕ್ಕಿ. ಅತ್ತಿ, ಗೋಳಿಯಂಥ ಸಣ್ಣ ಬೀಜದ ಮರಗಳಿಗೆ ಹತ್ತಾರು ಜಾತಿಯ ಹಕ್ಕಿಗಳ ನೆರವಿದೆ. ಹಾಗಾಗಿ ಮಂಗಟ್ಟೆ ಹೋದ ಕಾಡೂ ಹಸಿರಾಗಿಯೇ ಕಾಣುತ್ತದೆ, ಒಳಗೊಳಗೆ ಮರಗಳ ಜಾತಿ ಬದಲಾಗುತ್ತಿರುತ್ತದೆ.

ಬುಡದ ಸಸಿ ಸಾಯಲು ನೆರಳೊಂದೇ ಕಾರಣವಲ್ಲ. ಬೀಜ ರಾಶಿ ಬಿದ್ದಲ್ಲಿಗೆ ಇಲಿ, ಕೊರೆಹುಳು, ಕೊಳೆರೋಗದ ಶಿಲೀಂಧ್ರ ಎಲ್ಲವೂ ಬಂದು ಸೇರುತ್ತವೆ. ಪರಿಸರ ವಿಜ್ಞಾನಿಗಳಾದ ಡೇನಿಯಲ್ ಜಾನ್ಜನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ ಬೇರೆ ಬೇರೆಯಾಗಿ ಮುಂದಿಟ್ಟ ವಿವರಣೆ ಇದು.

ಪ್ರಶ್ನೆ: ಹಾಗಾದರೆ ನಾವೇ ಬೀಜ ಹಾಕಬಹುದೇ?

ಉತ್ತರ: ಅಗತ್ಯವಾಗಿ ಹಾಕಿ. ಪತ್ರೆ ಬಿಡಿಸಿ ಎಸೆಯುವ ಬೀಜವೇ ಸಾಕು, ಆದರೆ ಅದು ಮರದಲ್ಲೇ ಬಲಿತು ಬಿರಿದ ಕಾಯಿಯದಾಗಿರಬೇಕು. ಬೇರೆಯವರು ಕೊಯ್ದಾರೆಂದು ಎಳೆಗಾಯಿ ಕಿತ್ತರೆ ಬೀಜ ಹುಟ್ಟದು. ಪತ್ರೆ ಸಮೇತ ಬೀಜವನ್ನು ಅಂಗಳದಲ್ಲಿ ಒಣಗಿಸಿದರೂ ಅಷ್ಟೇ. ಒಳಗಿನ ತೇವ ಆರಿತೆಂದರೆ ಈ ಬೀಜ ಸತ್ತಂತೆ. ಕೊಯ್ದ ದಿನವೇ ಪತ್ರೆ ಬಿಡಿಸಿ, ತೊಳೆದು, ನೆರಳಿನ ಮರಳು ಪಾತಿಯಲ್ಲಿ ಬೀಜ ಮುಚ್ಚುವಷ್ಟು ಆಳಕ್ಕೆ ಊರಿ. ವಾರ ದಾಟಿಸಬೇಡಿ. ಮರಳು ಹಸಿಯಾಗಿರಲಿ, ನೀರು ನಿಲ್ಲದಿರಲಿ. ಮೊಳಕೆಗೆ ತಿಂಗಳ ಮೇಲೇ ಹಿಡಿಯುತ್ತದೆ. ಕೆದಕಿ ನೋಡಿದರೆ ಎಳೆ ಬೇರು ಮುರಿದೀತು.

ಮಳೆ ಹಿಡಿದ ಮೇಲೆ ಹಳ್ಳದ ದಂಡೆಯ ನೆರಳಿನಲ್ಲಿ, ತಾಯಿಮರದಿಂದ ದೂರ ನೆಡಿ. ರಾಮಪತ್ರೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ; ಹೂ ಬಿಡುವವರೆಗೆ ಗುರುತು ಸಿಗದು. ಒಂದೆರಡಕ್ಕೆ ನಿಲ್ಲಿಸದೆ ಹತ್ತಾರು ಸಸಿ ಹಾಕಿ.

ಜೊತೆಗೆ ಬೆಟ್ಟದ ಪೊಟರೆ ಮರಗಳನ್ನು ದಯವಿಟ್ಟು ಉಳಿಸಿ. ಮಂಗಟ್ಟೆ ತಾನೇ ಪೊಟರೆ ಕೊರೆಯಲಾರದು. ಹೆಣ್ಣು ಹಕ್ಕಿ ಸಿಕ್ಕ ಪೊಟರೆಯೊಳಗೆ ಸೇರಿ, ಬಾಗಿಲು ಮೆತ್ತಿಕೊಂಡು, ಮೂರು ನಾಲ್ಕು ತಿಂಗಳು ಗಂಡು ತಂದುಕೊಡುವ ಆಹಾರದಲ್ಲೇ ಬದುಕುತ್ತದೆ. ಕೊಯ್ಲಿನಲ್ಲಿ ಮೇಲ್ಗೊಂಬೆಗಳ ಕಾಯಿಯನ್ನು ಅದಕ್ಕೆ ಬಿಡಿ. ಕೊಂಬೆ ಕಡಿದು ಕೊಯ್ದರೆ ಮುಂದಿನ ವರ್ಷದ ಫಸಲೂ ಹೋಯಿತು.