ಮುಳಶಿ ಗುಡ್ಡದ ಒರತೆ: ಟ್ರೆಂಚ್ ಎಲ್ಲಿ ಬೇಕು, ಎಲ್ಲಿ ಬೇಡ

ಅಕ್ಕಾರೇ, ಪುಣೆ ಹತ್ತಿರದ ಮುಳಶಿ ಕಡೆ ಇಳಿಜಾರಿನಲ್ಲಿ ಎರಡು ಎಕರೆ, ಮಾರ್ಚ್‌ಗೆ ಬತ್ತೋ ಒರತೆ, ಮನೆ ಕಟ್ಟೋ ಜಾಗದ ಮೇಲ್ಗಡೆನೇ ಟ್ರೆಂಚ್ ಹೊಡೆದು ನೀರು ಇಂಗಿಸೋಣ ಅಂತ ಜೆಸಿಬಿಯವನ ಸಲಹೆ. ಇಷ್ಟೇ ತಾನೆ ನಿಮ್ಮ ಪ್ರಶ್ನೆ? ಟ್ರೆಂಚ್ ಒಳ್ಳೇದೇ. ಅವನು ತೋರಿಸಿದ ಜಾಗ ಮಾತ್ರ ಬೇಡವೇ ಬೇಡ.

ಇಲ್ಲಿನ ಸಹ್ಯಾದ್ರಿ ಅಂದ್ರೆ ಸುಮಾರು 6.6 ಕೋಟಿ ವರ್ಷದ ಹಿಂದೆ ಒಂದರ ಮೇಲೊಂದು ಹರಿದು ಗಟ್ಟಿಯಾದ ಲಾವಾ. ಇಲ್ಲಿನವರು ಕಾಳಾ ಪಾಷಾಣ ಅನ್ನೋ ಗಟ್ಟಿ ಕಲ್ಲಲ್ಲಿ ಬಿರುಕಿದ್ದರಷ್ಟೇ ನೀರು. ನೀರು ಹಿಡಿಯೋದು ಗುಳ್ಳೆಗುಳ್ಳೆ ಕಲ್ಲು ಮತ್ತು ಅದು ಸವೆದು ಆದ ಗರಸು, ಅಂದ್ರೆ ಇವರ ಮುರುಮ. ಕೆಲವು ಕಡೆ ನಡುವೆ ಜೇಡಿಯಂಥ ಕೆಂಪು ಮಣ್ಣಿನ ಪಟ್ಟಿ, ಅಂದ್ರೆ ಇವರ ಗೇರು, ಇರುತ್ತೆ. ಅದು ನೀರನ್ನ ಸುಲಭಕ್ಕೆ ಕೆಳಗೆ ಬಿಡೋದಿಲ್ಲ. ಮೇಲಿಂದ ಇಳಿದ ನೀರು ಗಟ್ಟಿ ಕಲ್ಲಿನ ಮೇಲೋ ಗೇರಿನ ಮೇಲೋ ತಡೆದು, ಪಕ್ಕಕ್ಕೆ ಸರಿದು ಗುಡ್ಡದ ಮೈಯಿಂದ ಹೊರಬೀಳುತ್ತೆ. ಇಲ್ಲಿನ ಹೆಚ್ಚಿನ ಒರತೆಗಳ ಕಥೆ ಇದೇ.

ಹಂಗಾಗಿ ಒರತೆಯ ಮಟ್ಟದಲ್ಲೇ ಎಡಕ್ಕೂ ಬಲಕ್ಕೂ ನಡೆದು, ರಸ್ತೆಗೆ ಕಡಿದ ಗೋಡೆಯಲ್ಲಿ, ಹಳೇ ಬಾವಿಯಲ್ಲಿ ಪದರ ನೋಡ್ರಿ. ನಮ್ಮ ಕಡೆ ಪದರಗಳು ಬಹುತೇಕ ಮಟ್ಟಸ. ಇಂಗಿಸಬೇಕಾದ್ದು ಒರತೆಗಿಂತ ಮೇಲಿರೋ ಸಪಾಟು ಮಾಳದಲ್ಲಿ, ಕಡಿದಾದ ಇಳಿಜಾರಿನಲ್ಲಲ್ಲ. ಹಿಮಾಲಯದಲ್ಲಿ ಪದರ ಓರೆಯಾಗಿರೋದರಿಂದ ಇಂಗೋ ಜಾಗ ಗುಡ್ಡದ ಆ ಬದಿಗೂ ಇರಬಹುದು. ಸಿಕ್ಕಿಂನಲ್ಲಿ 2008ರಲ್ಲಿ ಶುರುವಾದ, ಒರತೆ ಉಳಿಸೋ ಧಾರಾ ವಿಕಾಸ್ ಕೆಲಸಕ್ಕೆ ಈ ಲೆಕ್ಕ ಕಲಿಸಿದವರಲ್ಲಿ ಅಂತರ್ಜಲದ ಕೆಲಸ ಮಾಡೋ ನಮ್ಮ ಪುಣೆಯ ಅಕ್ವಾಡ್ಯಾಮ್ ಸಂಸ್ಥೆಯವರೂ ಇದ್ದಾರೆ. ಊರಲ್ಲೇ ಇಂಥವರಿರುವಾಗ ಜೆಸಿಬಿಯವನನ್ನ ಯಾಕೆ ಕೇಳಬೇಕು! ಜಿಎಸ್‌ಡಿಎ, ಅಂದ್ರೆ ಮಹಾರಾಷ್ಟ್ರ ಸರ್ಕಾರದ ಅಂತರ್ಜಲ ಸಂಸ್ಥೆಯಲ್ಲೂ ವಿಚಾರಿಸ್ರಿ.

ಒರತೆ ಸಣ್ಣದು ಅಂತ ಕಡೆಗಣಿಸಬ್ಯಾಡ್ರಿ. 20 ಲೀಟರ್ ಬಕೆಟ್ 4 ನಿಮಿಷಕ್ಕೆ ತುಂಬಿದರೆ ದಿನಕ್ಕೆ 7,200 ಲೀಟರ್ ಆಯ್ತು. ತಿಂಗಳಿಗೊಮ್ಮೆ ಅಳೆದು ಬರೆದಿಡ್ರಿ, ಕೆಳಗೊಂದು ಟಾಕಿ ಕಟ್ರಿ. ಪಕ್ಕದಲ್ಲೇ ಬೋರ್ ಹೊಡೆಸಿದರೆ ಅದೇ ಪದರಕ್ಕೆ ತೂತು ಕೊರೆದಂಗೆ, ಒರತೆಗೇ ಕುತ್ತು.

ಈಗ ಮನೆ ವಿಷಯ. ಇಂಗಿದ ನೀರು ಗರಸನ್ನ ಭಾರ ಮಾಡುತ್ತೆ, ಕಣಗಳ ಹಿಡಿತ ಸಡಿಲಿಸುತ್ತೆ. ಕೆಳಗೆ ಗಟ್ಟಿ ಕಲ್ಲಿದ್ದರೆ ಮೇಲಿನ ಮಣ್ಣು ಜಾರೋದು ಅದರ ಮೇಲೇ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಮಾಳಿಣದಲ್ಲಿ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಜೋರು ಮಳೆಯ ಜೊತೆಗೆ ಇಳಿಜಾರು ಕಡಿದು ಗದ್ದೆ ಸಮ ಮಾಡಿದ್ದರ ಮಾತೂ ಆಗ ಬಂತು. ಪುನರ್ವಸತಿಗೆ ಕಟ್ಟಿದ ಹೊಸ ಊರಲ್ಲೂ 2017ರ ಮೊದಲ ಮಳೆಗೇ ರಸ್ತೆ ಕುಸಿದಿದ್ದು ಸುದ್ದಿಯಾಗಿತ್ತು. ಅದಕ್ಕೇ ಹೇಳೋದು, ತುಂಬಿದ ಮಣ್ಣಿನ ಮೇಲೆ ಪಾಯ ಬೇಡ, ಹಳ್ಳದ ಬಾಯಲ್ಲಿ ಮನೆ ಬೇಡ. ಮನೆ ಮೇಲ್ಗಡೆ ನೀರು ನಿಲ್ಲಿಸದೆ, ಕಲ್ಲು ಕಟ್ಟಿದ ಕಾಲುವೆಯಲ್ಲಿ ಪಕ್ಕದ ಹಳ್ಳಕ್ಕೆ ಬಿಡ್ರಿ. ಇಳಿಜಾರು ಕಡಿಯಲೇಬೇಕಾದರೆ ತಡೆಗೋಡೆಗೆ ನೀರು ಹೋಗೋ ತೂತು ಇರಲೇಬೇಕು.

ಮಳೆಗಾಲದಲ್ಲಿ ಒರತೆ ಇದ್ದಕ್ಕಿದ್ದಂಗೆ ಕೆಂಪಗೆ ಕದಡಿದರೆ, ಹೊಸ ಜಾಗದಲ್ಲಿ ನೀರು ಚಿಮ್ಮಿದರೆ, ನೆಲ ಬಿರಿದರೆ, ಮರ ವಾಲಿದರೆ ಸಾಮಾನು ಕಟ್ಟೋಕೆ ನಿಲ್ಲಬ್ಯಾಡ್ರಿ, ಕೂಡಲೇ ಮನೆ ಬಿಡ್ರಿ.

ನೀವು ಹೇಳಿದ ಆ ರಸ್ತೆ ಪಕ್ಕದ ಕಡಿತದ ಫೋಟೋ ಇಲ್ಲೇ ಹಾಕ್ರಿ, ಗೇರು ಪಟ್ಟಿ ಎಲ್ಲಿ ಬರುತ್ತೆ ನೋಡೋಣ.