ಯಂತ್ರ ಕೊಡುವ ಖುಷಿ ಸಾಲದೇ? ನಿಜವಾಗಿ ಕಂಡುಹಿಡಿಯಲೇಬೇಕಾ?

ನೀವು ಕೇಳಿದ್ದು ಇಷ್ಟು: ತಲೆಗೆ ತಂತಿ ಜೋಡಿಸಿ ಜೀವನಪೂರ್ತಿ ಖುಷಿಯಾಗಿಡುವ ಯಂತ್ರ ಸಿಕ್ಕರೆ, ಒದ್ದಾಡಿ ಹೊಸದನ್ನು ಕಂಡುಹಿಡಿಯುವ ಗೋಜು ಯಾಕೆ? ಒಳಗೆ ಆಗುವ ಖುಷಿ ಎರಡರಲ್ಲೂ ಒಂದೇ ಅಲ್ವಾ?

ಒಂದೇ ಅಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತದೆ. ಯಾಕೆ ಅಂತ ಹೇಳಲು ನಮ್ಮ ಹೊಲದ ಬೋರ್‌ವೆಲ್‌ನಿಂದ ಶುರು ಮಾಡುತ್ತೇನೆ.

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಹತ್ತಿರದ ಹಳ್ಳಿ. ವರ್ಷವಿಡೀ ಹರಿಯುವ ನದಿ ಈ ಕಡೆ ಇಲ್ಲ. ಅಪ್ಪ ಕೊರೆಸಿದ ಎರಡು ಬೋರೂ ಫೇಲ್ ಆಗಿದ್ದವು. ಮೂರನೆಯದಕ್ಕೆ ಅಮ್ಮನ ಬಳೆ ಅಡವಿಟ್ಟರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರು ಬಂದು, "ಇಲ್ಲಿ ನೀರು ಗ್ಯಾರಂಟಿ" ಅಂದರು. ಹಿಂದಿನ ಎರಡು ಸಲವೂ ಹಾಗೇ ಅಂದಿದ್ದರು. ಎರಡು ಸಲವೂ ಆ ರಾತ್ರಿ ಮನೆಯಲ್ಲಿ ಎಲ್ಲರೂ ಖುಷಿಯಾಗಿಯೇ ಮಲಗಿದ್ದೆವು.

ಸಂಜೆ ರಿಗ್ ಲಾರಿ ಬಂತು. ರಾತ್ರಿಯೆಲ್ಲ ಕೊರೆದರು. ಒಂದು ರಾಡು ಅಂದರೆ 20 ಅಡಿ. ಒಂದೊಂದು ರಾಡು ಇಳಿದಾಗಲೂ ಅಪ್ಪ ಒಂದೊಂದು ಕಲ್ಲು ಎತ್ತಿಡುತ್ತಾ ಕೂತಿದ್ದರು. ಬರೀ ಧೂಳು. ಪಕ್ಕದ ಹುಣಸೆ ಮರಕ್ಕೆ ಸುಣ್ಣ ಬಳಿದ ಹಾಗಾಗಿತ್ತು. 42ನೇ ರಾಡಿಗೆ ಧೂಳು ನಿಂತು ಬೂದಿ ಬಣ್ಣದ ಕೆಸರು ಉಗಿಯತೊಡಗಿತು. ಅಪ್ಪ ಕುಣಿಯಲಿಲ್ಲ, ಕೂಗಲಿಲ್ಲ. ಎದ್ದು ಹೋಗಿ ಒಂದು ಹಿಡಿ ಕೆಸರು ತಗೊಂಡು ಮೂಸಿದರು. "ತಣ್ಣಗಿದೆ ನೋಡು" ಅಂತ ನನ್ನ ಕೈಗೆ ಹಾಕಿದರು. ಬೆಳಗ್ಗೆ ಹೊತ್ತಿಗೆ ಒಂದೂವರೆ ಇಂಚು ನೀರು.

ಆ ರಾತ್ರಿಯೂ ನೆಲ "ಇಲ್ಲ" ಅನ್ನಬಹುದಿತ್ತು. ಹಿಂದೆ ಎರಡು ಸಲ ಅಂದಿತ್ತಲ್ಲ. ಆ ಕೆಸರಿಗೆ ಅಷ್ಟು ಬೆಲೆ ಬಂದಿದ್ದು ಅದರಿಂದಲೇ. ನಿಮ್ಮ ಯಂತ್ರಕ್ಕೆ "ಇಲ್ಲ" ಅನ್ನಲು ಬರುವುದಿಲ್ಲ.

ನೀರಾದರೆ ಉಪಯೋಗಕ್ಕೆ ಬರುತ್ತೆ, ಅದಕ್ಕೇ ಬೆಲೆ ಅಂತ ನೀವು ಹೇಳಬಹುದು. ಸರಿ, ಯಾರ ಹೊಲಕ್ಕೂ ಹರಿಯದ ಇನ್ನೊಂದು ಸಂಗತಿ ನಮ್ಮ ಜಿಲ್ಲೆಯಲ್ಲೇ ಸಿಕ್ಕಿದೆ. ಕೆಜಿಎಫ್ ಅಂದರೆ ಎಲ್ಲರಿಗೂ ನೆನಪಾಗುವುದು ಚಿನ್ನ. ಅದೇ ಗಣಿಯೊಳಗೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆಕಾಶದಿಂದ ಬರುವ ಮ್ಯೂವಾನ್ ಎಂಬ ಅತಿ ಸಣ್ಣ ಕಣಗಳನ್ನು ಎಣಿಸುತ್ತಿದ್ದರು. ಆಳಕ್ಕೆ ಇಳಿದಷ್ಟೂ ಎಣಿಕೆ ಕಡಿಮೆಯಾಗುತ್ತಾ ಹೋಯಿತು. ತೀರಾ ಕೆಳಗೆ ಎರಡು ತಿಂಗಳು ಕಾದರೂ ಒಂದೇ ಒಂದು ಕಣ ದಾಖಲಾಗಲಿಲ್ಲ. ಆ ಸೊನ್ನೆಯಿಂದಲೇ ಅವರಿಗೆ ದಾರಿ ಕಂಡಿತು. ಬೇರೆ ಕಣಗಳ ಗದ್ದಲವೇ ಇಲ್ಲದ ಇಂಥ ಆಳದಲ್ಲೇ ಅಲ್ವಾ, ಎಷ್ಟೇ ದಪ್ಪ ಬಂಡೆಯನ್ನೂ ದಾಟಿ ಬರುವ ನ್ಯೂಟ್ರಿನೊ ಎಂಬ ಕಣವನ್ನು ಹುಡುಕಬೇಕಾದ್ದು! 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 7,600 ಅಡಿ ಕೆಳಗೆ, ಜಪಾನ್ ಮತ್ತು ಬ್ರಿಟನ್ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅದಕ್ಕೆ ಮೊದಲು ಜಗತ್ತಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ ಅನ್ನೋದು ನನಗೆ ಬಹಳ ಬೇಜಾರಿನ ವಿಷಯ.

ಆ ಎರಡು ತಿಂಗಳಲ್ಲಿ ಅವರ ತಲೆಗೆ ನಿಮ್ಮ ತಂತಿ ಜೋಡಿಸಿದ್ದರೆ? "ಸಿಕ್ಕಿತು" ಅನ್ನುವ ಖುಷಿ ಮೊದಲ ವಾರವೇ ಬರುತ್ತಿತ್ತು. ಸೊನ್ನೆಯನ್ನು ಯಾರು ನೋಡುತ್ತಿದ್ದರು?

ಇಂಥ ತಂತಿ ಬರೀ ಕಲ್ಪನೆಯೂ ಅಲ್ಲ. 1954ರಲ್ಲಿ ಕೆನಡಾದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮಿದುಳಿಗೆ ತಂತಿ ಇಟ್ಟರು. ಸನ್ನೆಕೋಲು (ಲಿವರ್) ಒತ್ತಿದರೆ ಮಿದುಳಿಗೆ ಸಣ್ಣ ಕರೆಂಟ್. ಇಲಿಗಳು ಮತ್ತೆ ಮತ್ತೆ ಒತ್ತಿದವು. ಆಮೇಲಿನ ಪ್ರಯೋಗಗಳಲ್ಲಿ ಹಸಿದಿದ್ದರೂ ಊಟ ಬಿಟ್ಟು ಸನ್ನೆಕೋಲಿಗೇ ಅಂಟಿಕೊಂಡ ಇಲಿಗಳೂ ಇದ್ದವು.

ಹಾಗಂತ ಔಷಧಿಯಿಂದ ಬರುವ ನೆಮ್ಮದಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅಜ್ಜಿಗೆ ಕ್ಯಾನ್ಸರ್ ಆಗಿ ಕೊನೆಯ ತಿಂಗಳಲ್ಲಿ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೆವು. ಅದು ಕೊಟ್ಟ ಮೇಲೆಯೇ ಅವರು ಕಣ್ಣು ಬಿಟ್ಟು, "ಮಾವಿಗೆ ಹೂವು ಬಂತಾ?" ಅಂತ ಕೇಳುತ್ತಿದ್ದರು. ನೋವಿನಲ್ಲಿ ಮುಳುಗಿದ್ದವರನ್ನು ಆ ಮಾತ್ರೆ ನಮ್ಮ ಕಡೆಗೆ ತಿರುಗಿಸಿತು. ನಿಮ್ಮ ಯಂತ್ರವಾದರೆ ಆ ಪ್ರಶ್ನೆಯೇ ಬರದಂತೆ ಮಾಡುತ್ತಿತ್ತು.

ನಮ್ಮ ಬೋರ್ ಐದು ವರ್ಷಕ್ಕೆ ಬತ್ತಿತು. ಈಗ ಅದರ ಬಾಯಿಗೆ ಕಲ್ಲು ಮುಚ್ಚಿದೆ. ಆದರೂ ಹೊಲಕ್ಕೆ ಹೊಸಬರು ಯಾರಾದರೂ ಬಂದರೆ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. "ಇಲ್ಲೇ, 840 ಅಡಿಗೆ ತೇವ ಬಂತು" ಅನ್ನುತ್ತಾರೆ.