ಒಂದೇ ಬಟ್ಟಲಿನದೆಲ್ಲ ಎಂಜಲಾ?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿದ್ದೇನೆ. ಗೆಳೆಯರ ಜೊತೆ ಲೆಬನಾನ್ ಹೋಟೆಲಿಗೆ ಹೋಗಿದ್ದೆ. ಎಲ್ಲರೂ ಒಂದೇ ಬಟ್ಟಲಿಗೆ ರೊಟ್ಟಿ ಅದ್ದಿ ತಿಂದರು. ನನಗೆ ಎಂಜಲು ಅನಿಸಿ ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ ಬಿಲ್ಲನ್ನು ಐದು ಸಮಪಾಲು ಮಾಡಿದರು. ನಾನು ಸಸ್ಯಾಹಾರಿ, ಕಬಾಬ್ ಮುಟ್ಟಿಲ್ಲ. ನನಗೆ ಬೇಜಾರಾಗಿದ್ದು ತಪ್ಪಾ?

ಉತ್ತರ: ಬಿಲ್ಲಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಕಬಾಬಿನ ದುಡ್ಡನ್ನು ತಿಂದವರೇ ಕೊಡಬೇಕಿತ್ತು. ಆ ಮಾತು ಅಲ್ಲಿಗೆ ಬಿಡೋಣ. ನನ್ನನ್ನು ಕೆಣಕಿದ್ದು ನಿಮ್ಮ ಎಂಜಲು.

ತಂಗಿ, ಆ ಬಟ್ಟಲುಗಳ ಸಾಲಿಗೆ ಮೆಝೆ ಅಂತಾರೆ. ಅದನ್ನು ತಿನ್ನೋಕೂ ಒಂದು ಕ್ರಮ ಇದೆ. ರೊಟ್ಟಿಯನ್ನು ತುತ್ತಿನಷ್ಟೇ ಹರಿಯಬೇಕು, ಮಡಿಸಬೇಕು, ಒಂದೇ ಸಲ ಹುಮ್ಮುಸ್, ಅಂದರೆ ಬೇಯಿಸಿ ಅರೆದ ಕಾಬೂಲಿ ಕಡಲೆ, ಬಾಚಿ ಪೂರ್ತಿ ಬಾಯಿಗೆ ಹಾಕಬೇಕು. ಕಚ್ಚಿದ ರೊಟ್ಟಿ ಮತ್ತೆ ಬಟ್ಟಲಿಗೆ ಇಳಿಯೋ ಹಾಗಿಲ್ಲ. ತುತ್ತಿಗೊಂದು ಹೊಸ ಚಮಚ, ಆ ಚಮಚವನ್ನೂ ತಿಂದೇಬಿಡೋದು. ಇದಕ್ಕಿಂತ ಮಡಿ ಇನ್ನೇನು ಬೇಕು? ನಿಮ್ಮ ಗೆಳೆಯರು ಕಚ್ಚಿ ಅದ್ದಿದ್ದರೆ ಅದು ಅವರ ತಪ್ಪು, ಲೆಬನಾನಿನದಲ್ಲ.

ಇನ್ನು ಸಸ್ಯಾಹಾರಿಗೆ ಅಲ್ಲೇನು ಕೊರತೆ? ಲೆಬನಾನಿನ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಮಾಂಸ ಬಿಡುತ್ತಾರೆ, ಹಾಗಾಗಿ ಮಾಂಸವಿಲ್ಲದ ಅಡುಗೆ ಅಲ್ಲಿ ಬೇಕಾದಷ್ಟಿದೆ. ಮುತಬ್ಬಲ್ ಅಂದರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ದಾಯಾದಿ. ಹುಣಸೆ ಬದಲು ನಿಂಬೆ, ಜೊತೆಗೆ ಬೆಳ್ಳುಳ್ಳಿ, ಅರೆದ ಎಳ್ಳು. ತಬ್ಬೂಲೆಯಲ್ಲಿ ಗೋಧಿ ನುಚ್ಚು ಹೆಸರಿಗೆ ಮಾತ್ರ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಸೊಪ್ಪು. ಕೋಸಂಬರಿ ಅಂದುಕೊಂಡು ತಿನ್ನಿ. 2010ರಲ್ಲಿ ಆ ಜನ 10,452 ಕಿಲೋ ಹುಮ್ಮುಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅವರ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್ ಅಂತ ಅಷ್ಟೇ ಕಿಲೋ! ಹುಚ್ಚು ಅನ್ನಿ, ನನಗಂತೂ ಇಷ್ಟವಾಯಿತು.

ನೀವಿರುವ ಊರಿಗೆ ಅವರು ಸುಮ್ನೆ ಬಂದವರಲ್ಲ. ಫೋರ್ಡ್ ಕಾರ್ಖಾನೆಯ ಕೂಲಿಗೆ ಕೆಲವರು ಬಂದರು. 1975ರಿಂದ 1990ರವರೆಗಿನ ಅಂತರ್ಯುದ್ಧಕ್ಕೆ ಹೆದರಿ ಇನ್ನಷ್ಟು ಜನ ಬಂದರು. ನೀವೂ ಮನೆ ಬಿಟ್ಟು ಹೋದವರೇ ಅಲ್ವಾ? ಅಂಥವರು ಬಡಿಸಿದ ಮೇಜಿನ ಮುಂದೆ ಮುಖ ಸಿಂಡರಿಸಿಕೊಂಡು ಕೂತಿರಲ್ಲ!

ನಮ್ಮಜ್ಜಿ ಮಡಿಗೆ ಊರಲ್ಲೇ ಹೆಸರಾದವಳು. ಆಕೆ ದೊಡ್ಡ ಪಾತ್ರೆಯಲ್ಲಿ ಸಾರನ್ನ ಕಲಸಿ, ಎಂಟು ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದಳು. ಆಗ ಯಾರಿಗೂ ಎಂಜಲು ನೆನಪಾಗಲಿಲ್ಲ. ಬೆಂಗಳೂರಿಗೆ ಬಂದಮೇಲೆ ನನಗೆ ಗೆಳೆಯರಾದವರೆಲ್ಲ ಬೈಟೂ ಕಾಫಿಯಲ್ಲೇ ಆದವರು. ತಿಂಗಳ ಕೊನೆಯಲ್ಲಿ ಅದು ಬೈತ್ರೀ ಆಗಿದ್ದೂ ಉಂಟು. ಈಗ ನಮ್ಮ ಆಫೀಸಿನ ಕೆಳಗಿನ ಹೋಟೆಲಿನಲ್ಲಿ 'ಬೈಟೂ ಕೊಡುವುದಿಲ್ಲ' ಅಂತ ಬೋರ್ಡ್ ಹಾಕಿದ್ದಾರೆ. ಊಟಕ್ಕೆ ಹೋದರೆ ಒಬ್ಬೊಬ್ಬರಿಗೆ ಒಂದೊಂದು ಥಾಲಿ, ಪಕ್ಕದವರಿಗೆ ಹಪ್ಪಳ ಕೊಟ್ಟರೂ ಸಪ್ಲೈಯರ್ ಗುರಾಯಿಸುತ್ತಾನೆ. ಬೀದಿ ಹೋಟೆಲನ್ನು ಬೈದು ಏನು ಪ್ರಯೋಜನ ಬಿಡಿ. ಮೊನ್ನೆ ಭಾನುವಾರ ನಮ್ಮ ಮನೆಗೇ ನಾಲ್ಕು ಹೋಟೆಲಿನಿಂದ ನಾಲ್ಕು ಪಾರ್ಸಲ್ ಬಂತು. ಮೊಮ್ಮಗನ ನೂಡಲ್ಸ್ ಡಬ್ಬಿಗೆ ಕೈ ಹಾಕಿದೆ. ಅವನು ಡಬ್ಬಿ ಅತ್ತ ಸರಿಸಿ, "ತಾತಾ, ಬೇಕಿದ್ರೆ ನಿಮಗೆ ಬೇರೆ ಆರ್ಡರ್ ಮಾಡ್ತೀನಿ" ಅಂದ.

— ಸಂ.